ಅಜ್ಜಿ ಒಲೆಯ ಮುಂದೆ: ಬೀಳ್ಕೊಡುಗೆಗೆ ತಿನ್ನುವ ಟೋಪಿ

ಪರೀಕ್ಷೆ ಹತ್ತಿರ ಬಂತು. ಓದುವವರು ಓದುತ್ತಿರಿ, ಓದಿಸುವವರು ಬೈಯದೆ ಓದಿಸಿ. ಈ ವಾರ ಒಲೆಯ ಮುಂದೆ ಕೂರುವ ಮೊದಲು ಒಂದು ಒಗಟು ಹೇಳುತ್ತೇನೆ.

ಹಲಗೆ ಇದೆ, ಬರೆಯೋಕಾಗಲ್ಲ. ಜುಟ್ಟು ಇದೆ, ಬಾಚೋಕಾಗಲ್ಲ. ತಲೆ ಮೇಲೆ ಕೂರುತ್ತೆ, ಪೇಟ ಅಲ್ಲ. ಏನದು?

ಗೊತ್ತಾಯಿತಲ್ಲ? ಪದವಿ ತೆಗೆದುಕೊಳ್ಳುವಾಗ ಹಾಕುವ ಕಪ್ಪು ಟೋಪಿ! ಸೋದರತ್ತೆಯದೋ ಚಿಕ್ಕಪ್ಪನದೋ ಫೋಟೊ ಗೋಡೆಯ ಮೇಲೆ ಇದ್ದರೆ ನೋಡಿ. ಕಪ್ಪು ನಿಲುವಂಗಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ತಲೆ ಮೇಲೆ ಚೌಕದ ಟೋಪಿ, ಟೋಪಿಯಿಂದ ಇಳಿಬಿದ್ದ ದಾರದ ಗೊಂಡೆ. ಈ ಸಮಾರಂಭಕ್ಕೆ ನಾವು ಘಟಿಕೋತ್ಸವ ಎನ್ನುತ್ತೇವೆ. ಹಿಂದಿನ ಕಾಲದಲ್ಲಿ ದೊಡ್ಡ ವಿದ್ಯಾಕೇಂದ್ರಗಳಿಗೆ ಘಟಿಕೆ ಎಂಬ ಹೆಸರಿತ್ತು. ಕದಂಬರ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ ಎಂದು ತಾಳಗುಂದದ ಕಲ್ಲಿನ ಕಂಬದಲ್ಲಿ ಬರೆದಿದೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಅದರ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು. ಕೃಷ್ಣರಾಜನಗರ ಇದೆಯಲ್ಲ, ನಾವು ಬಾಯಿ ತುಂಬ ಕೆ.ಆರ್. ನಗರ ಅನ್ನುವ ನನ್ನ ತವರು, ಅದಕ್ಕೂ ಅವರದೇ ಹೆಸರು.

ನಮ್ಮ ಊರಿನ ಶಾಲೆಯಲ್ಲಿ ಟೋಪಿಯೂ ಇಲ್ಲ, ನಿಲುವಂಗಿಯೂ ಇಲ್ಲ. ಇರುವುದು ಏಳನೇ ಕ್ಲಾಸಿನ ಬೀಳ್ಕೊಡುಗೆ. ಹುಣಸೂರು ತಾಲ್ಲೂಕಿನ ಸಣ್ಣ ಊರು ನಮ್ಮದು. ಏಳು ಮುಗಿದ ಮೇಲೆ ಮಕ್ಕಳು ಚದುರಿ ಹೋಗುತ್ತಾರೆ. ಕೆಲವರು ಬಸ್ಸು ಹತ್ತಿ ಹುಣಸೂರಿನ ಹೈಸ್ಕೂಲಿಗೆ, ಕೆಲವರು ವಸತಿ ಶಾಲೆಗೆ, ಇನ್ನು ಕೆಲವರು ಅಪ್ಪ ಅಮ್ಮ ಕೂಲಿಗೆ ಹೋಗುವ ಕಡೆಗೆ. ಏಳು ವರ್ಷ ಒಂದೇ ಚಾಪೆಯ ಮೇಲೆ ಕೂತವರು ಮತ್ತೆ ಒಟ್ಟಿಗೆ ಕೂರುವುದು ಯಾವಾಗಲೋ. ಹಾಗಾಗಿ ಅವತ್ತಿನ ತಿಂಡಿ ಬರೀ ತಿಂಡಿಯಲ್ಲ.

ಒಂದು ವರ್ಷ ಏನಾಯಿತು ಗೊತ್ತಾ? ಬೀಳ್ಕೊಡುಗೆಗೆ ಎಂದು ತಲೆಗೆ 150 ರೂಪಾಯಿ ಎತ್ತಿದರು. ಪೇಟೆಯಿಂದ ಕೇಕು, ಪಫ್ಸು, ಬಣ್ಣದ ನೀರಿನ ಬಾಟಲಿ ಬಂತು. ಎಲ್ಲರೂ ಖುಷಿಪಟ್ಟರು. ಆದರೆ ಫೋಟೊದಲ್ಲಿ ಮೂರು ಮಕ್ಕಳು ಕಡಿಮೆ ಇದ್ದರು. ಜ್ವರವೇ ಎಂದು ಕೇಳಿದೆ. ಜ್ವರವಲ್ಲ, ದುಡ್ಡು ಕೊಡಲು ಆಗಲಿಲ್ಲ, ನಾಚಿಕೆಗೆ ಬರಲಿಲ್ಲ ಅಂತ ಆಮೇಲೆ ತಿಳಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಆ ಕೇಕು ನನ್ನ ಗಂಟಲಲ್ಲಿ ಇವತ್ತಿಗೂ ಇಳಿದಿಲ್ಲ.

ಈ ಸಲ ನನ್ನ ಮೊಮ್ಮಗಳ ಸರದಿ. ಅವಳ ಕ್ಲಾಸಿನಲ್ಲಿ 23 ಮಕ್ಕಳು. ಟೀಚರ್ ಮನೆಗೆ ಬಂದು, "ಅಜ್ಜಿ, ದುಡ್ಡು ಎತ್ತುವುದು ಬೇಡ. ಏನು ಮಾಡೋಣ ಹೇಳಿ" ಎಂದರು. ನಾನು ಹೇಳಿದೆ: "ಒಬ್ಬೊಬ್ಬರು ಒಂದು ಹಿಡಿ ತರಲಿ. ಮನೆಯಲ್ಲಿ ಏನಿದೆಯೋ ಅದು. ರಾಗಿ, ಅಕ್ಕಿ, ಬೆಲ್ಲ, ಕಡಲೆಕಾಯಿ, ಹಿತ್ತಲ ಕೊತ್ತಂಬರಿ, ಎಲ್ಲವೂ ಸರಿ. ಮಿಕ್ಕಿದ್ದು ನಮ್ಮ ಅಡುಗೆಮನೆ ನೋಡಿಕೊಳ್ಳುತ್ತೆ."

ನನ್ನ ಅಡುಗೆಮನೆ ಅಂದರೆ ನಾಲ್ಕು ತಾಲ್ಲೂಕಿನ ಅಡುಗೆಮನೆ. ತವರು ಕೆ.ಆರ್. ನಗರದ ಕಡೆ, ಕಾವೇರಿ ನಾಲೆಯ ಗದ್ದೆ ಬಯಲು. ಸೇರಿದ ಮನೆ ಹುಣಸೂರು, ಲಕ್ಷ್ಮಣತೀರ್ಥದ ಕಡೆಯದು. ಮಗಳನ್ನು ಕೊಟ್ಟದ್ದು ಪಿರಿಯಾಪಟ್ಟಣಕ್ಕೆ. ತಂಗಿ ಇರುವುದು ಹೆಗ್ಗಡದೇವನಕೋಟೆಯಲ್ಲಿ, ಕಾಡಂಚಿನಲ್ಲಿ. ಅದಕ್ಕೆ ಮೊಮ್ಮಗಳು, "ಅಜ್ಜಿ, ನಾಲ್ಕು ಊರಿಂದ ಒಂದೊಂದು ತಿಂಡಿ ಮಾಡೋಣ. ಆದ್ರೆ ನೋಡೋಕೆ ಪದವಿ ತಗೊಂಡ ಹಾಗೆ ಇರ್ಬೇಕು" ಎಂದಳು. ತಟ್ಟೆ ಚಮಚ ಬೇಡದೆ ಬೆರಳಲ್ಲೇ ಎತ್ತಿ ತಿನ್ನುವ ಹಾಗಿರಬೇಕು ಎಂಬುದು ಟೀಚರ್ ಹಾಕಿದ ಷರತ್ತು. ಅಷ್ಟು ತಟ್ಟೆ ತೊಳೆಯಲು ನಲ್ಲಿಯಲ್ಲಿ ನೀರು ಬರಬೇಕಲ್ಲ!

ಸರಿ, ಶುರು ಮಾಡೋಣ. ನಾನು ಲೋಟ ಅಂದರೆ ನೀವು ಮನೆಯಲ್ಲಿ ಕಾಫಿ ಕುಡಿಯುವ ಪುಟ್ಟ ಲೋಟವಲ್ಲ, ನೀರು ಕುಡಿಯುವ 200 ಮಿಲಿಲೀಟರಿನ ಲೋಟ. ಎಲ್ಲ ಅಳತೆಯೂ ಸುಮಾರು 30 ಜನಕ್ಕೆ.

ಹುಣಸೂರಿನ ರಾಗಿ ಟೋಪಿ

ಟೋಪಿಗೆ ಎರಡು ಭಾಗ. ತಲೆಗೆ ಕೂರುವ ಬುರುಡೆ, ಅದರ ಮೇಲಿನ ಚೌಕ. ಬುರುಡೆ ರಾಗಿ ಉಂಡೆಯದು, ಚೌಕ ಕಡಲೆಕಾಯಿ ಚಿಕ್ಕಿಯದು.

ಉಂಡೆಗೆ ಬೇಕಾದದ್ದು: ರಾಗಿ ಹಿಟ್ಟು 3 ಲೋಟ, ಪುಡಿ ಬೆಲ್ಲ ಒಂದೂವರೆ ಲೋಟ, ತುಪ್ಪ ಅರ್ಧ ಲೋಟ, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಅರ್ಧ ಲೋಟ, ಏಲಕ್ಕಿ ನಾಲ್ಕು, ಚಿಟಿಕೆ ಉಪ್ಪು.

ದಪ್ಪ ತಳದ ಬಾಣಲೆಯಲ್ಲಿ ಅರ್ಧದಷ್ಟು ತುಪ್ಪ ಹಾಕಿ, ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಗಡಿಯಾರ ನೋಡುವವರಿಗೆ 12ರಿಂದ 15 ನಿಮಿಷ. ನೋಡದವರಿಗೆ, ಪಕ್ಕದ ಮನೆಯವರು ಏನು ಮಾಡ್ತಿದ್ದೀರಿ ಅಂತ ಕೇಳುವವರೆಗೆ. ಆ ಘಮ ಬರುವ ಮುಂಚೆ ಇಳಿಸಿದರೆ ಉಂಡೆ ಹಸಿಹಸಿಯಾಗಿ ನಾಲಿಗೆಗೆ ಅಂಟುತ್ತದೆ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ ಸೋಸಿ. ಒಂದು ಕುದಿ ಬಂದರೆ ಸಾಕು, ಪಾಕ ಬೇಡ. ಬಿಸಿ ಬೆಲ್ಲದ ನೀರು, ಮಿಕ್ಕ ತುಪ್ಪ, ಕಡಲೆಕಾಯಿ, ಏಲಕ್ಕಿ, ಉಪ್ಪು ಎಲ್ಲವನ್ನೂ ಹಿಟ್ಟಿಗೆ ಸೇರಿಸಿ ಕಲಸಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ತಲೆಯನ್ನು ಹೆಬ್ಬೆರಳಿನಿಂದ ಮಟ್ಟಸವಾಗಿ ಒತ್ತಿ. ಉಂಡೆ ಒಡೆದರೆ ಒಂದು ಚಮಚ ಬಿಸಿ ಹಾಲು ಚಿಮುಕಿಸಿ.

ಚಿಕ್ಕಿಗೆ ಹುರಿದು ಸಿಪ್ಪೆ ತೆಗೆದು ಇಬ್ಭಾಗ ಮಾಡಿದ ಕಡಲೆಕಾಯಿ 2 ಲೋಟ, ಬೆಲ್ಲ ಒಂದೂಕಾಲು ಲೋಟ, ನೀರು ಎರಡು ಚಮಚ. ಬೆಲ್ಲ ಕರಗಿ ನೊರೆ ಬಂದ ಮೇಲೆ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಡಿ. ಜಗ್ಗಿದರೆ ಇನ್ನೂ ಆಗಿಲ್ಲ. ಟಕ್ಕನೆ ಮುರಿದರೆ ಆಯಿತು. ಆಗ ಕಡಲೆಕಾಯಿ ಸುರಿದು, ತುಪ್ಪ ಸವರಿದ ಮಣೆಯ ಮೇಲೆ ಹಾಕಿ, ತುಪ್ಪ ಸವರಿದ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಬಿಸಿ ಆರುವ ಮೊದಲೇ ಒಂದೂವರೆ ಅಂಗುಲದ ಚೌಕಗಳಾಗಿ ಗೆರೆ ಎಳೆಯಿರಿ. ತಡಮಾಡಿದರೆ ಚೌಕ ಬರುವುದಿಲ್ಲ, ಭಾರತದ ಭೂಪಟ ಬರುತ್ತದೆ. ಮಕ್ಕಳೇ, ಪಾಕದ ಹತ್ತಿರ ನೀವು ಬರಬೇಡಿ. ಕುದಿಯುವ ನೀರಿಗಿಂತ ಬೆಲ್ಲದ ಪಾಕ ಹೆಚ್ಚು ಸುಡುತ್ತದೆ, ಮೈಗೆ ಅಂಟಿಕೊಂಡೂ ಬಿಡುತ್ತದೆ. ಕಡಲೆಕಾಯಿ ಸಿಪ್ಪೆ ಊದಿ ಹಾರಿಸುವ ಕೆಲಸ ನಿಮ್ಮದು.

ಉಂಡೆಯ ಮೇಲೆ ಒಂದು ಹನಿ ಪಾಕ, ಅದರ ಮೇಲೆ ಚಿಕ್ಕಿಯ ಚೌಕ. ಗೊಂಡೆಗೆ ಒಣಕೊಬ್ಬರಿಯನ್ನು ಸಿಪ್ಪೆ ಹೆರೆಯುವ ಪೀಲರಿನಲ್ಲಿ ಉದ್ದಕ್ಕೆ ಹೆರೆದು, ಬೀಟ್ರೂಟ್ ರಸದಲ್ಲಿ ಅದ್ದಿ ಒಣಗಿಸಿದ ಎಳೆ. ಚೌಕದ ನಡುವೆ ಇನ್ನೊಂದು ಹನಿ ಪಾಕ ಇಟ್ಟು ಅಂಟಿಸಿ ಪಕ್ಕಕ್ಕೆ ಇಳಿಬಿಡಿ. ಟೋಪಿ ಸಿದ್ಧ!

ಹಲ್ಲಿಲ್ಲದ ನನ್ನಂಥವರಿಗೆ ಚಿಕ್ಕಿಯ ಬದಲು ಮೆತ್ತನೆಯ ಕೊಬ್ಬರಿ ಬರ್ಫಿಯ ಚೌಕ ಇಡಿ. ಕಡಲೆಕಾಯಿ ಆಗದ ಮಕ್ಕಳು ಕೆಲವರಿರುತ್ತಾರೆ. ತಿಂದರೆ ಮೈ ದದ್ದು, ಉಸಿರುಕಟ್ಟು ಬರುತ್ತದೆ. ಮೊದಲೇ ಕೇಳಿಕೊಳ್ಳಿ. ಅಂಥವರಿದ್ದರೆ ಎಲ್ಲರಿಗೂ ಹುರಿಗಡಲೆಯಲ್ಲೇ ಮಾಡಿಬಿಡಿ, ಮುಂದೆ ಹೇಳುವ ನಿಪ್ಪಟ್ಟಿಗೂ ಕಡಲೆಕಾಯಿ ಹಾಕಬೇಡಿ. ಸಕ್ಕರೆ ಕಾಯಿಲೆಯ ತಾತಂದಿರಿಗೆ ಪುಟ್ಟ ಇಡ್ಲಿಯ ಮೇಲೆ ಸೌತೆಕಾಯಿಯ ಚೌಕ, ಕರಿಬೇವಿನ ಗೊಂಡೆ. ಖಾರದ ಟೋಪಿ! ತಾತಂದಿರೇ, ಬೆಲ್ಲ ನಾಟಿಯದು ಅಂತ ಕದ್ದು ತಿನ್ನಬೇಡಿ, ಬೆಲ್ಲವೂ ಸಕ್ಕರೆಯೇ.

ರಾಗಿಯ ಬಗ್ಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿ, ಗೋಧಿ ಯಾವುದೂ ಅದರ ಹತ್ತಿರ ಸುಳಿಯುವುದಿಲ್ಲ. ಮುದ್ದೆ ಅಂದರೆ ಮುಖ ಸಿಂಡರಿಸುವವರು ಟೋಪಿ ಅಂದರೆ ಎರಡೆರಡು ಕೇಳುತ್ತಾರೆ. ಅದೇ ರಾಗಿ, ಅದೇ ಬಾಯಿ.

ಕೆ.ಆರ್. ನಗರದ ಪದವಿ ಪತ್ರ

ಭತ್ತದ ಕಣಜ ಅಂತ ನನ್ನ ತವರಿಗೆ ಹೆಸರು. ಅಲ್ಲಿಂದ ಅಕ್ಕಿ, ಬೆಲ್ಲ ಎರಡೂ ಬಂತು. ಇದರಲ್ಲಿ ಸುರುಳಿ ಸುತ್ತಿದ ಪದವಿ ಪತ್ರ ಮಾಡೋಣ.

ಅಕ್ಕಿ 3 ಲೋಟ ನಾಲ್ಕು ಗಂಟೆ ನೆನೆಸಿ, ಒಂದು ಲೋಟ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಹುಳಿ ಬರಿಸುವುದು ಬೇಡ. ಕಾದ ಕಾವಲಿಯ ಮೇಲೆ ಅಂಗೈ ಅಗಲ ಸುರಿದು ಮುಚ್ಚಿ ಬೇಯಿಸಿ. ತಿರುವಿ ಹಾಕಬೇಡಿ, ಬಿಳಿಯಾಗಿಯೇ ಇರಬೇಕು. ಕಾಗದವಲ್ಲವೇ ಅದು!

ಹೂರಣಕ್ಕೆ ಕಾಯಿತುರಿ 2 ಲೋಟ, ಬೆಲ್ಲ 1 ಲೋಟ, ಹುರಿದ ಎಳ್ಳು ಎರಡು ಚಮಚ, ಏಲಕ್ಕಿ. ನೀರು ಆರಿ ಉಂಡೆಯಾಗುವವರೆಗೆ ಬಾಡಿಸಿ. ನೀರು ಉಳಿದರೆ ಪದವಿ ಪತ್ರ ಒದ್ದೆಯಾಗಿ ಹರಿಯುತ್ತದೆ. ಒಂದು ದೋಸೆಗೆ ಒಂದು ಚಮಚ ಹೂರಣ ಉದ್ದಕ್ಕೆ ಇಟ್ಟು ಬೆರಳಿನ ದಪ್ಪಕ್ಕೆ ಬಿಗಿಯಾಗಿ ಸುತ್ತಿ. ಉದ್ದನೆಯ ಕೊತ್ತಂಬರಿ ಕಡ್ಡಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ದಾರದ ಹಾಗೆ ಮೆತ್ತಗಾಗುತ್ತದೆ. ಅದರಿಂದ ನಡುವಿಗೆ ಒಂದು ಗಂಟು. ದಾರವನ್ನೂ ತಿನ್ನಬಹುದು.

ಪದವಿ ಪತ್ರ ಅಂದ ಮೇಲೆ ಬರಹ ಬೇಡವೇ? ಅದಕ್ಕೆ ಟೀಚರ್ ಒಂದು ಉಪಾಯ ಮಾಡಿದರು. ಹಿಂದಿನ ದಿನ ಒಂದು ಡಬ್ಬದಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಎತ್ತಿಸಿದರು. ಯಾರ ಹೆಸರು ಬಂತೋ ಅವರಿಗೆ ಒಂದು ಪದವಿ ಕೊಡಬೇಕು. ಮಾರ್ಕ್ಸಿನ ಮಾತು ಎತ್ತುವಂತಿಲ್ಲ. ಕಣ್ಣಾರೆ ಕಂಡ ಒಳ್ಳೆಯ ಗುಣವನ್ನೇ ಬರೆಯಬೇಕು. ನನ್ನ ಮೊಮ್ಮಗಳು ಎಷ್ಟೋ ಹೊತ್ತು ಪೆನ್ನು ಕಚ್ಚಿ ಕೂತಳು. ಅವಳಿಗೆ ಬಂದದ್ದು ಜಗಳವಾಡಿ ಮಾತು ಬಿಟ್ಟ ಗೆಳತಿಯ ಹೆಸರು! ಕೊನೆಗೆ ಬರೆದಳು: "ಮಳೆ ಬಂದ ದಿನ ಅರ್ಧ ಛತ್ರಿ ಕೊಟ್ಟು ಅರ್ಧ ನೆನೆದವಳು." ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇದನ್ನು ಮಾಡಿಸಿ. ಚೀಟಿಯನ್ನು ಸುರುಳಿಯ ಪಕ್ಕದಲ್ಲಿ ಇಡಿ, ಒಳಗೆ ಇಡಬೇಡಿ. ಶಾಯಿ ಹೊಟ್ಟೆಗೆ ಹೋಗಬಾರದು.

ಪಿರಿಯಾಪಟ್ಟಣದ ಪುಸ್ತಕದ ಚೀಲ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ನಿಮಗೆ ಗೊತ್ತು. 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನಿಂದ ಬಂದವರಿಗೆ ನೆಲೆ ಕೊಟ್ಟ ಜಾಗ. ಶಾಲೆಯ ಪ್ರವಾಸದಲ್ಲಿ ಸ್ವರ್ಣ ಮಂದಿರ ನೋಡಿ ಬಂದ ಮಕ್ಕಳೆಲ್ಲ ಮೊದಲು ಹೇಳುವುದು ಬುದ್ಧನ ದೊಡ್ಡ ಮೂರ್ತಿಯನ್ನು, ಎರಡನೆಯದು ಮೊಮೊವನ್ನು. ಮಗಳ ಮನೆಗೆ ಹೋದಾಗ ನಾನೂ ತಿಂದೆ. ತಿಂದು, "ಇದು ನಮ್ಮ ಕಡುಬಿನ ನೆಂಟ" ಎಂದೆ. ಅವರದು ಮೈದಾ, ನಮ್ಮದು ಅಕ್ಕಿ ಹಿಟ್ಟು. ಹಬೆ ಮಾತ್ರ ಒಂದೇ. ಮನೆ ಬಿಟ್ಟು ದೂರ ಹೋದವರು ಅಡುಗೆಯನ್ನು ಜೊತೆಗೆ ಒಯ್ಯುತ್ತಾರೆ, ಇದು ನೆನಪಿರಲಿ.

2 ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಒಂದೂವರೆ ಲೋಟ ಅಕ್ಕಿ ಹಿಟ್ಟು ಸುರಿದು ತಿರುವಿ, ಮುಚ್ಚಿ, ಉರಿ ಆರಿಸಿ. ಹತ್ತು ನಿಮಿಷದ ನಂತರ ಬಿಸಿ ಇರುವಾಗಲೇ ಕೈಗೆ ನೀರು ಸವರಿಕೊಂಡು ಚೆನ್ನಾಗಿ ನಾದಿ. ಇಲ್ಲಿ ಸೋಮಾರಿತನ ಮಾಡಿದರೆ ಚೀಲ ಬಿರಿಯುತ್ತದೆ. ಒಳಗೆ ತುಂಬಲು ನೆನೆಸಿದ ಕಡಲೆಬೇಳೆ ಒಂದು ಲೋಟ, ಹಸಿಮೆಣಸಿನಕಾಯಿ ಎರಡು, ಶುಂಠಿ ಒಂದು ಬೆರಳು, ತರಿಯಾಗಿ ರುಬ್ಬಿ ಉಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಸೇರಿಸಿ ಬಾಣಲೆಯಲ್ಲಿ ಸ್ವಲ್ಪ ಬಾಡಿಸಿ. ಶುಂಠಿ ಮಗಳ ಹೊಲದ್ದು, ಪಿರಿಯಾಪಟ್ಟಣದ್ದು!

ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಬಾಳೆಲೆಯ ಮೇಲೆ ಪುಟ್ಟ ಪೂರಿಯಂತೆ ತಟ್ಟಿ, ನಡುವೆ ಹೂರಣ ಇಟ್ಟು, ನಾಲ್ಕು ಬದಿಯಿಂದ ಅಂಚೆ ಲಕೋಟೆಯ ಹಾಗೆ ಮಡಚಿ. ಒಂದು ಬದಿಯ ಮಡಿಕೆ ಚೀಲದ ಬಾಯಿ. ಹಿಟ್ಟಿನ ಎರಡು ಎಳೆ ಹೊಸೆದು ಭುಜದ ಪಟ್ಟಿ ಅಂಟಿಸಿ. ಗುಂಡಿಗೆ ಒಂದು ಕಡಲೆಬೇಳೆ. ಹಬೆಯಲ್ಲಿ 12 ನಿಮಿಷ ಬೇಯಿಸಿ. ಬೀಟ್ರೂಟ್ ರಸ, ಪಾಲಕ್ ರಸ ಸ್ವಲ್ಪ ಸ್ವಲ್ಪ ಹಿಟ್ಟಿಗೆ ಕಲಸಿದರೆ ಗುಲಾಬಿ ಚೀಲ, ಹಸಿರು ಚೀಲ. ಪೇಟೆಯ ಬಣ್ಣ ಬೇಡ.

ಏಳು ವರ್ಷ ಹೊತ್ತ ಚೀಲವನ್ನು ಕಡೆಗೆ ತಿಂದೇ ಬಿಡಬಹುದು ಅಂತ ಒಬ್ಬ ಹುಡುಗ ಕುಣಿದ. ಹೈಸ್ಕೂಲಿನ ಚೀಲ ಇನ್ನೂ ಭಾರ ಕಣಪ್ಪ ಅಂತ ನಾನು ಹೇಳಲಿಲ್ಲ.

ಎಚ್.ಡಿ. ಕೋಟೆಯ ಆನೆ ನಿಪ್ಪಟ್ಟು

ಬೇಸಿಗೆಯಲ್ಲಿ ಕಾಡಿನ ಕೆರೆಗಳು ಬತ್ತಿದಾಗ ಕಬಿನಿ ಹಿನ್ನೀರಿನ ಹುಲ್ಲಿಗೆ ಆನೆ ಹಿಂಡು ಹಿಂಡಾಗಿ ಬರುತ್ತದೆ. ಆ ಹಿಂಡಿನಲ್ಲಿ ಮುಂದೆ ನಡೆಯುವುದು ಹಿರಿಯ ಹೆಣ್ಣಾನೆ, ಅಂದರೆ ಅಜ್ಜಿ. ನೀರು ಎಲ್ಲಿದೆ, ದಾರಿ ಎಲ್ಲಿದೆ ಅವಳಿಗೆ ನೆನಪಿರುತ್ತದೆ. ಅಜ್ಜಿಯರ ಮಾತು ಕೇಳಬೇಕು ಅಂತ ಆನೆಗೂ ಗೊತ್ತು ನೋಡಿ! ದಸರಾ ಆನೆಗಳು ಗಜಪಯಣ ಹೊರಡುವುದು ನಮ್ಮ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಹಾಗಾಗಿ ಆನೆ ಎರಡು ತಾಲ್ಲೂಕಿಗೂ ಸೇರಿದ್ದು, ಜಗಳ ಬೇಡ.

ಅಕ್ಕಿ ಹಿಟ್ಟು 2 ಲೋಟ, ಹುರಿಗಡಲೆ ಪುಡಿ ಅರ್ಧ ಲೋಟ, ತರಿಯಾದ ಕಡಲೆಕಾಯಿ ಪುಡಿ ಅರ್ಧ ಲೋಟ, ಎಳ್ಳು ಒಂದು ಚಮಚ, ಮೆಣಸಿನ ಪುಡಿ, ಕರಿಬೇವು, ಇಂಗು, ಉಪ್ಪು. ಮೂರು ಚಮಚ ಕಾದ ಎಣ್ಣೆ ಹಾಕಿ ಬೆರಸಿ, ಆಮೇಲೆ ನೀರು ಚಿಮುಕಿಸಿ ಗಟ್ಟಿಯಾಗಿ ಕಲಸಿ. ಒಂದು ದೊಡ್ಡ ಬಿಲ್ಲೆ ಮುಖಕ್ಕೆ, ಎರಡು ಸಣ್ಣ ಬಿಲ್ಲೆ ಕಿವಿಗೆ, ಹೊಸೆದ ಎಳೆ ಸೊಂಡಿಲಿಗೆ, ಎರಡು ಕಾಳುಮೆಣಸು ಕಣ್ಣಿಗೆ. ಕಣ್ಣು ಖಾರ ಅನ್ನುವ ಚಿಕ್ಕವರಿಗೆ ಎಳ್ಳಿನ ಕಣ್ಣು.

ನಾನು ಮೊದಲ ಸಲ ಸೊಂಡಿಲನ್ನು ಮೇಲೆ ಸುಮ್ಮನೆ ಇಟ್ಟು ಎಣ್ಣೆಗೆ ಬಿಟ್ಟೆ. ಸೊಂಡಿಲು ಒಂದು ಕಡೆ, ಮುಖ ಒಂದು ಕಡೆ ತೇಲಿದವು. ಚಿಕ್ಕ ಮೊಮ್ಮಗ ಬಗ್ಗಿ ನೋಡಿ, "ಅಜ್ಜಿ, ಕರಡಿ ಚೆನ್ನಾಗಿದೆ" ಎಂದ. ಆದ್ದರಿಂದ ಹೇಳುತ್ತೇನೆ: ಸೇರುವ ಕಡೆ ನೀರು ಸವರಿ, ಕಿವಿ ಸೊಂಡಿಲು ಎಲ್ಲವನ್ನೂ ಇಟ್ಟ ಮೇಲೆ ಬಾಳೆಲೆ ಮುಚ್ಚಿ ಅಂಗೈಯಿಂದ ಒಟ್ಟಿಗೆ ಒತ್ತಿ. ಅಲ್ಲಲ್ಲಿ ಕಡ್ಡಿಯಿಂದ ಚುಚ್ಚಿ, ಉಬ್ಬದಿರಲಿ. ಮಧ್ಯಮ ಉರಿಯಲ್ಲಿ ಸಳಸಳ ಸದ್ದು ನಿಲ್ಲುವವರೆಗೆ ಕರಿಯಿರಿ. ಮೊದಲ ಕರಡಿಗಳೂ ವ್ಯರ್ಥವಾಗಲಿಲ್ಲ, ರುಚಿಗೆ ಸೊಂಡಿಲು ಬೇಕಾಗಿಲ್ಲ.

ಒಲೆ ಬೇಡದ ಮಣಿಕಡ್ಡಿ

ಇದು ಪೂರ್ತಿ ಮಕ್ಕಳ ಕೆಲಸ. ಒಂದನೇ ಕ್ಲಾಸಿನಲ್ಲಿ ಎಣಿಕೆ ಕಲಿತ ಮಣಿಗಳ ಚೌಕಟ್ಟು ನೆನಪಿದೆಯೇ? ಹಸಿ ತೆಂಗಿನ ಗರಿಯ ಕಡ್ಡಿಯನ್ನು ಹೆರೆದು ತೊಳೆದು, ಒಂದು ಗೇಣಿಗೆ ಕತ್ತರಿಸಿ, ಚೂಪು ತುದಿ ಮುರಿಯಿರಿ. ಪರಂಗಿ, ಸೀಬೆ, ಬಾಳೆಹಣ್ಣು, ಸೌತೆಕಾಯಿ ತುಂಡುಗಳನ್ನು ಒಂದು, ಎರಡು, ಮೂರು, ನಾಲ್ಕು ಹೀಗೆ ಪೋಣಿಸಿ. ಬಾಳೆಹಣ್ಣು ಕಪ್ಪಾಗದಂತೆ ನಿಂಬೆರಸ ಸವರಿ. ದ್ರಾಕ್ಷಿ ಹಾಕಿದರೆ ಉದ್ದಕ್ಕೆ ಸೀಳಿ ಹಾಕಿ. ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಪುಟ್ಟ ತಮ್ಮ ತಂಗಿಯರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರ ಕೈಗೆ ಕಡ್ಡಿಯನ್ನೂ ಕೊಡಬೇಡಿ, ಹಣ್ಣು ಬಿಡಿಸಿ ಕೊಡಿ.

ಕೆಲಸದ ಸಾಲು ಹೀಗಿರಲಿ. ಉಂಡೆ, ಚಿಕ್ಕಿ ಎರಡು ದಿನ ಮೊದಲು ಮಾಡಿ ಗಾಳಿಯಾಡದ ಡಬ್ಬಕ್ಕೆ. ನಿಪ್ಪಟ್ಟು ಹಿಂದಿನ ದಿನ. ಸುರುಳಿ, ಕಡುಬು ಅವತ್ತಿನ ಬೆಳಿಗ್ಗೆ. ಕಾಯಿ ಹಾಕಿದ್ದು ಬೇಸಿಗೆಯಲ್ಲಿ ಸಂಜೆಗೆ ಹಳಸುತ್ತದೆ, ಮಧ್ಯಾಹ್ನದೊಳಗೆ ಮುಗಿಸಿ. ಮಣಿಕಡ್ಡಿ ಕೊನೆಯ ಒಂದು ಗಂಟೆಯಲ್ಲಿ. ಟೋಪಿಗೆ ಚೌಕ ಅಂಟಿಸುವುದೂ ಆಗಲೇ, ಇಲ್ಲದಿದ್ದರೆ ಚಿಕ್ಕಿ ಮೆತ್ತಗಾಗುತ್ತದೆ.

ಹಿಡಿ ತಂದ ದಿನ

ಈಗ ಆ ದಿನದ ವಿಷಯ ಹೇಳುತ್ತೇನೆ. ಮಕ್ಕಳು ಹಿಡಿ ಹಿಡಿಯಾಗಿ ತಂದರು. ಒಬ್ಬಳು ಸೆರಗಿನ ತುಂಡಿನಲ್ಲಿ ಕಟ್ಟಿದ ಎಳ್ಳು, ಒಬ್ಬ ಜೇಬಿನಲ್ಲಿ ನಾಲ್ಕು ಏಲಕ್ಕಿ, ಒಬ್ಬ ಬೆಲ್ಲದ ಅರ್ಧ ಅಚ್ಚು, ಉಳಿದರ್ಧ ದಾರಿಯಲ್ಲೇ ಖಾಲಿ. ತರಲು ಏನೂ ಇಲ್ಲ ಎಂದ ಒಬ್ಬಳು ತೆಂಗಿನ ಗರಿ ಎಳೆದುಕೊಂಡು ಬಂದಳು. ಮಣಿಕಡ್ಡಿಗೆ ಕಡ್ಡಿ ಸಿಕ್ಕಿದ್ದೇ ಅದರಿಂದ.

ಒಬ್ಬ ಹುಡುಗ ಮಾತ್ರ ಬಾಗಿಲಲ್ಲೇ ನಿಂತಿದ್ದ. ಅವರಪ್ಪ ಗಾರೆ ಕೆಲಸದವರು. ಮನೆಯಲ್ಲಿ ಅವತ್ತು ಅಮ್ಮ ಇರಲಿಲ್ಲ, ರಾಗಿ ಡಬ್ಬ ಎಲ್ಲಿದೆಯೋ ಅವನಿಗೆ ಸಿಕ್ಕಲಿಲ್ಲ. ಬೆನ್ನ ಹಿಂದೆ ಏನೋ ಹಿಡಿದಿದ್ದ. ಕೇಳಿದರೆ ತೋರಿಸಲಿಲ್ಲ. ಕೊನೆಗೆ ಮೆಲ್ಲಗೆ, "ತಟ್ಟೆಗೆ ಆಗುತ್ತೇನೋ ಅಂತ ತಂದೆ" ಎಂದ. ಅವರಪ್ಪ ಗೋಡೆಗೆ ಗಾರೆ ಹಾಕುವಾಗ ಎಡಗೈಯಲ್ಲಿ ಹಿಡಿಯುವ ಹಲಗೆ. ಚೌಕದ ಮರದ ಹಲಗೆ, ಕೆಳಗೆ ಹಿಡಿ. ಯಾರೋ ಇಬ್ಬರು ನಕ್ಕರು. ಅವನ ಕಿವಿ ಕೆಂಪಾಯಿತು.

ನಾನು ಕೇಳಿದೆ: "ಇಂಗ್ಲಿಷಿನಲ್ಲಿ ಪದವಿಯ ಟೋಪಿಗೆ ಏನಂತಾರೆ, ಯಾರಿಗಾದರೂ ಗೊತ್ತಾ?" ಯಾರಿಗೂ ಗೊತ್ತಿರಲಿಲ್ಲ. ಟೀಚರ್ ಹೇಳಿದರು, "ಮಾರ್ಟರ್‌ಬೋರ್ಡ್." ಮಾರ್ಟರ್ ಅಂದರೆ ಗಾರೆ. ಬೋರ್ಡ್ ಅಂದರೆ ಹಲಗೆ. ಗಾರೆ ಹಲಗೆ! ಟೋಪಿಯ ಚೌಕ ಗಾರೆಯವರ ಹಲಗೆಯ ಹಾಗೆ ಕಂಡದ್ದರಿಂದ ಬಂದ ಹೆಸರು ಅದು. ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಪದವೀಧರರು ತಲೆಯ ಮೇಲೆ ಇಟ್ಟುಕೊಳ್ಳುವ ಟೋಪಿಗೆ ಇವನ ಅಪ್ಪನ ಕೈಯ ಹಲಗೆಯ ಹೆಸರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಕ್ಕ ಇಬ್ಬರಲ್ಲಿ ಒಬ್ಬ ಎದ್ದು, "ಕೊಡೋ, ತೊಳ್ಕೊಂಡು ಬರ್ತೀನಿ" ಎಂದ. ಇಬ್ಬರೂ ಸೇರಿ ಮೆತ್ತಿದ್ದ ಸಿಮೆಂಟು ಕೆರೆದು, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿದರು. ಅದರ ಮೇಲೆ ಎರಡು ಪದರ ಬಾಳೆಲೆ ಹಾಸಿ, ರಾಗಿ ಟೋಪಿಗಳನ್ನೆಲ್ಲ ಅದರ ಮೇಲೆಯೇ ಜೋಡಿಸಿದೆವು. ಅವನೇ ಅಡಿಯ ಹಿಡಿ ಹಿಡಿದು, ಅಪ್ಪನ ಹಾಗೆ ಒಂದೇ ಕೈಯಲ್ಲಿ ಎತ್ತಿಕೊಂಡು, ಎಲ್ಲರ ಮುಂದೆ ಹೋಗಿ ಹಂಚಿದ. ಒಂದು ಟೋಪಿಯೂ ಬೀಳಲಿಲ್ಲ.

ಫೋಟೊದಲ್ಲಿ ಈ ಸಲ 23 ಮಕ್ಕಳೂ ಇದ್ದರು. ನಾನು ಎರಡು ಸಲ ಎಣಿಸಿದೆ. ಮಾತು ಬಿಟ್ಟ ಗೆಳತಿಯರು ಒಂದೇ ಚೀಟಿ ಹಿಡಿದು ನಿಂತಿದ್ದರು.

ಮಾರನೆಯ ದಿನ ಆ ಹುಡುಗ ದಾರಿಯಲ್ಲಿ ಸಿಕ್ಕಿ, "ಅಜ್ಜಿ, ಅಪ್ಪ ಆ ಹಲಗೆ ಕೆಲಸಕ್ಕೆ ತಗೊಂಡು ಹೋಗಲ್ವಂತೆ. ಬೇರೆ ಮಾಡಿಸ್ಕೊಂಡ್ರು. ಮುಂದಿನ ವರ್ಷದ ಮಕ್ಕಳಿಗೆ ಬೇಕಾದ್ರೆ ಕೇಳಿ ಅಂದ್ರು" ಎಂದ.

ಬೇಕು ಅಂತ ಹೇಳಿ ಕಳಿಸಿದ್ದೇನೆ.

ನಿಮ್ಮ ಶಾಲೆಯ ಬೀಳ್ಕೊಡುಗೆಗೆ ನೀವು ಏನು ಮಾಡಿದಿರಿ, ಯಾವ ಹಿಡಿಯಲ್ಲಿ ಏನು ಬಂತು, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಆನೆಯ ಸೊಂಡಿಲು ಕಿತ್ತುಹೋದರೂ ಬರೆಯಿರಿ, ನಾಚಿಕೆ ಬೇಡ. ಮುಂದಿನ ವಾರ ಯುಗಾದಿಯ ಒಬ್ಬಟ್ಟಿನ ಸಾರಿನ ಜೊತೆ ಸಿಗೋಣ. ಅಲ್ಲಿಯವರೆಗೆ ಚೆನ್ನಾಗಿ ಓದಿ, ಹೊಟ್ಟೆ ತುಂಬ ತಿನ್ನಿ.